ಕಾಯಿಲೆಗೆ ಭತ್ಯೆ ಉಂಟು, ಔಷಧಿಗೆ ದುಡ್ಡು ಕಟ್ಟಿ!

ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬ ಕಾಯಿಲೆ ಬಿದ್ದ. ಕೆಲಸ ಮಾಡುವ ಸ್ಥಿತಿಯಲ್ಲಿ ಇವನಿಲ್ಲ ಅಂತ ಅಲ್ಲಿನ ಸರ್ಕಾರವೇ ಒಪ್ಪಿಕೊಂಡು ಭತ್ಯೆ ಕೊಡಲು ಶುರು ಮಾಡಿತು. ಆದರೆ ಡಾಕ್ಟರು ಬರೆದ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದರೆ ಒಂದೊಂದು ಔಷಧಿಗೂ 9.90 ಪೌಂಡ್ ಎಣಿಸಬೇಕು. "ನಿನಗೆ ಕಾಯಿಲೆ ಇದೆ ಅಂತ ದುಡ್ಡು ಕೊಡೋದೂ ಸರ್ಕಾರ, ಆ ಕಾಯಿಲೆಯ ಔಷಧಿಗೆ ದುಡ್ಡು ಕೇಳೋದೂ ಸರ್ಕಾರ. ಇದ್ಯಾವ ಲೆಕ್ಕ ಮಾರಾಯ?" ಅಂತ ಫೋನಿನಲ್ಲಿ ಕೇಳಿದ. ನನಗೂ ಗೊತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ವೈದ್ಯಕೀಯ ಎಲ್ಲ ಪುಕ್ಕಟೆ ಅಂತಲೇ ನಾವು ಕೇಳಿಕೊಂಡು ಬಂದಿರೋದು ತಾನೆ? ಕೆದಕುತ್ತಾ ಹೋದರೆ ನೂರು ವರ್ಷಕ್ಕೂ ಹಳೆಯ ಕಥೆ ಸಿಕ್ಕಿತು. ಸಾಕಷ್ಟು ಸ್ವಾರಸ್ಯವಾಗಿದೆ, ಅದಕ್ಕೇ ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದವಾಯಿತು, ಕಾಫಿ ಹಿಡಿದುಕೊಂಡು ಕೂತರೆ ಒಳ್ಳೆಯದು :)

ಮೊದಲು ಆ ಕಾಲದ ನಾಣ್ಯದ ಲೆಕ್ಕ. ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗು, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡು. ನಮ್ಮ ಆಣೆ-ಕಾಸಿನ ಲೆಕ್ಕ ಬಲ್ಲ ಅಜ್ಜಂದಿರಿಗೆ ಇದು ಕಷ್ಟವಾಗುತ್ತಿರಲಿಲ್ಲ.

ಕಥೆ ಶುರುವಾಗುವುದು 1911ರಲ್ಲಿ. ಆಗ ಹಣಕಾಸು ಮಂತ್ರಿಯಾಗಿದ್ದ ಲಾಯ್ಡ್ ಜಾರ್ಜ್ ರಾಷ್ಟ್ರೀಯ ವಿಮಾ ಕಾಯ್ದೆ ತಂದ. ಕೂಲಿ ಕೆಲಸದವರಿಗೂ ಕಡಿಮೆ ಸಂಬಳದವರಿಗೂ ಕಡ್ಡಾಯ ವಿಮೆ. ಗಂಡಸು ಕೆಲಸಗಾರ ವಾರಕ್ಕೆ ನಾಲ್ಕು ಪೆನ್ನಿ ಕಟ್ಟಬೇಕು, ಮಾಲೀಕ ಮೂರು ಪೆನ್ನಿ, ಸರ್ಕಾರದ ಪಾಲು ಎರಡು. ನಾಲ್ಕು ಹಾಕಿದವನಿಗೆ ಒಂಬತ್ತು ಸಿಗುತ್ತೆ ಅಂತ ಆತ ಊರೂರಲ್ಲಿ ಪ್ರಚಾರ ಮಾಡಿದ. 1913ರ ಜನವರಿಯಿಂದ ಸವಲತ್ತುಗಳು ಸಿಗತೊಡಗಿದವು. ಕಾಯಿಲೆ ಬಿದ್ದ ಗಂಡಸಿಗೆ ವಾರಕ್ಕೆ ಹತ್ತು ಶಿಲ್ಲಿಂಗು, ಹೆಂಗಸಿಗೆ ಏಳೂವರೆ. (ಹೆಂಗಸಿನ ಹೊಟ್ಟೆ ಚಿಕ್ಕದು ಅಂತ ಅಂದುಕೊಂಡಿದ್ದರೋ ಏನೋ!) ಜೊತೆಗೆ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರ ಚಿಕಿತ್ಸೆ, ಅವರು ಬರೆದ ಔಷಧಿ ಅಂಗಡಿಯಲ್ಲಿ ಬಿಟ್ಟಿ.

ಇಲ್ಲಿ ಗಮನಿಸಬೇಕಾದ್ದು, ಕಾಯಿಲೆಯ ದುಡ್ಡು ಮತ್ತು ಕಾಯಿಲೆಯ ಔಷಧಿ ಎರಡೂ ಒಂದೇ ಗಂಟಿನಲ್ಲಿದ್ದವು. ವಂತಿಗೆ ಕಟ್ಟಿದ್ದೀಯಾ, ಕಾಯಿಲೆ ಬಿದ್ದಿದ್ದೀಯಾ, ತಗೋ ದುಡ್ಡು, ತಗೋ ಔಷಧಿ. ಬೇರೆ ಪ್ರಶ್ನೆ ಇಲ್ಲ. ದೊಡ್ಡ ಕೊರತೆ ಏನೆಂದರೆ ವಿಮೆ ಇದ್ದದ್ದು ಕೆಲಸಗಾರನಿಗೆ ಮಾತ್ರ. ಅವನ ಹೆಂಡತಿ ಮಕ್ಕಳಿಗೆ ಜ್ವರ ಬಂದರೆ ಡಾಕ್ಟರಿಗೂ ಔಷಧಿಗೂ ಕೈಯಿಂದಲೇ ಕೊಡಬೇಕು. ಹಾಗಾಗಿ ತಾಯಂದಿರು ಡಾಕ್ಟರ ಮುಖ ನೋಡದೆ ಎಷ್ಟೋ ನೋವು ನುಂಗಿಕೊಂಡು ಬದುಕಿದರು.

ಈ ಕೊರತೆಯನ್ನು ಒಂದೇ ಏಟಿಗೆ ತೊಡೆದು ಹಾಕಿದ್ದು ಎರಡನೇ ಮಹಾಯುದ್ಧದ ನಂತರದ ಲೇಬರ್ ಸರ್ಕಾರ. 1948ರ ಜುಲೈ 5ರಂದು ಎರಡು ವ್ಯವಸ್ಥೆಗಳು ಒಟ್ಟಿಗೆ ಶುರುವಾದವು. ಒಂದು ಹೊಸ ರಾಷ್ಟ್ರೀಯ ವಿಮೆ, ಇನ್ನೊಂದು ಎನ್‌ಎಚ್‌ಎಸ್, ಅಂದರೆ ರಾಷ್ಟ್ರೀಯ ಆರೋಗ್ಯ ಸೇವೆ. ಆರೋಗ್ಯ ಮಂತ್ರಿ ಅನೈರಿನ್ ಬೆವನ್, ವೇಲ್ಸಿನ ಕಲ್ಲಿದ್ದಲು ಗಣಿಯಲ್ಲಿ ಹುಡುಗನಾಗಿ ದುಡಿದವನು. ಡಾಕ್ಟರು, ಆಸ್ಪತ್ರೆ, ಔಷಧಿ, ಹಲ್ಲಿನ ಸೆಟ್ಟು, ಕನ್ನಡಕ ಎಲ್ಲವೂ ಎಲ್ಲರಿಗೂ ಉಚಿತ. ಕಾಯಿಲೆ ಭತ್ಯೆ ಒಬ್ಬಂಟಿ ಗಂಡಸಿಗೆ ವಾರಕ್ಕೆ 26 ಶಿಲ್ಲಿಂಗು, ಅದು ವಿಮೆಯ ಇಲಾಖೆಯಿಂದ. ಔಷಧಿ ಆರೋಗ್ಯ ಸೇವೆಯಿಂದ. ಹಳೆಯ ಗಂಟನ್ನು ಬಿಚ್ಚಿ ಎರಡು ಬೇರೆ ಬೇರೆ ಮಾಡಿದ್ದು ಆಗಲೇ. ಅವತ್ತು ಅದರಿಂದ ಯಾರಿಗೂ ನಷ್ಟವಾಗಲಿಲ್ಲ ಬಿಡಿ. ಎಲ್ಲರಿಗೂ ಔಷಧಿ ಬಿಟ್ಟಿ ಅಂದಮೇಲೆ ಭತ್ಯೆ ತಗೊಳ್ಳುವವನಿಗೂ ಬಿಟ್ಟಿಯೇ. ಗಂಟು ಬಿಚ್ಚಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಆದರೆ ಖರ್ಚು ಲೆಕ್ಕ ಮೀರಿ ಏರಿತು. ಒಂದೇ ವರ್ಷದಲ್ಲಿ, 1949ರ ಅಕ್ಟೋಬರಿನಲ್ಲಿ, ಚೀಟಿಗೆ ಒಂದು ಶಿಲ್ಲಿಂಗಿನ ತನಕ ವಸೂಲಿ ಮಾಡುವುದಾಗಿ ಪ್ರಧಾನಿ ಅಟ್ಲಿ ಘೋಷಿಸಿಬಿಟ್ಟ. ಅದಕ್ಕೆ ಕಾನೂನೂ ಆಯಿತು. ಆ ಕಾನೂನು ಪಾಸಾದದ್ದು ಬೆವನ್ ಮಂತ್ರಿಯಾಗಿದ್ದಾಗಲೇ ಅನ್ನೋದನ್ನು ಅವನ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಲೇಬರ್ ಸರ್ಕಾರ ಆ ಅಧಿಕಾರವನ್ನು ಬಳಸಲಿಲ್ಲ, ಬೀರುವಿನಲ್ಲಿಟ್ಟಿತು ಅಷ್ಟೆ. 1951ರ ಏಪ್ರಿಲ್‌ನಲ್ಲಿ ಕೊರಿಯಾ ಯುದ್ಧದ ಖರ್ಚಿಗೆ ಅಂತ ಹಣಕಾಸು ಮಂತ್ರಿ ಗೇಟ್ಸ್‌ಕೆಲ್ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಅರ್ಧ ದುಡ್ಡು ಹಾಕಿದಾಗ ಬೆವನ್ ರಾಜೀನಾಮೆ ಬಿಸಾಕಿ ಹೊರಗೆ ನಡೆದ. ಅವನ ಹಿಂದೆಯೇ ರಾಜೀನಾಮೆ ಕೊಟ್ಟವರಲ್ಲಿ ಹೆರಾಲ್ಡ್ ವಿಲ್ಸನ್ ಅನ್ನುವ ಯುವ ಮಂತ್ರಿಯೂ ಒಬ್ಬ. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಅದೇ ವರ್ಷ ಲೇಬರ್ ಸೋತಿತು, ಚರ್ಚಿಲ್ ಬಂದ. ಬೀರುವಿನಲ್ಲಿದ್ದ ಕಾನೂನು ಹೊರಗೆ ಬಂತು. 1952ರ ಜೂನ್ 1ರಿಂದ ಪ್ರತಿ ಚೀಟಿಗೆ ಒಂದು ಶಿಲ್ಲಿಂಗು. ಕಾಯಿಲೆ ಭತ್ಯೆಯಲ್ಲಿ ಮಲಗಿದ್ದವನ ಪಾಲಿಗೆ ಈ ದಿನವೇ ಮುಖ್ಯ ಅಂತ ನನಗನ್ನಿಸುತ್ತದೆ. 1913ರಿಂದ 39 ವರ್ಷ ಔಷಧಿಗೆ ಕಾಸು ಕೊಡದಿದ್ದವನು ಈಗ ಕೊಡಬೇಕು. ಸಂಬಳವಿಲ್ಲ, ಇರುವುದು ವಾರಕ್ಕೆ ಒಂದೂವರೆ ಪೌಂಡಿನ ಆಸುಪಾಸಿನ ಭತ್ಯೆ, ಅದರಲ್ಲಿ ಔಷಧಿಗೆ ಶಿಲ್ಲಿಂಗು.

ಹಾಗಾದರೆ ವಿನಾಯಿತಿಯೇ ಇರಲಿಲ್ಲವೇ? ಇತ್ತು. ಯುದ್ಧದಲ್ಲಿ ಗಾಯಗೊಂಡು ಪಿಂಚಣಿ ಪಡೆಯುವವರಿಗೆ, ಆ ಗಾಯದ ಔಷಧಿಗೆ ಇತ್ತು. ಇನ್ನು ಕಡುಬಡವರಿಗೆ ಕೊಡುವ ರಾಷ್ಟ್ರೀಯ ನೆರವು ಅಂತ ಒಂದಿತ್ತು, ಮನೆಯ ಸ್ಥಿತಿಗತಿ ಎಲ್ಲ ವಿಚಾರಿಸಿ ಕೊಡುವಂಥದ್ದು. ಅದನ್ನು ಪಡೆಯುವವರು ಮೊದಲು ಅಂಗಡಿಯಲ್ಲಿ ಕಟ್ಟಿ ಆಮೇಲೆ ವಾಪಸು ಪಡೆಯಬಹುದಿತ್ತು. ವಂತಿಗೆ ಕಟ್ಟಿ ಹಕ್ಕಿನಿಂದ ಕಾಯಿಲೆ ಭತ್ಯೆ ಪಡೆಯುವವನಿಗೆ ಮಾತ್ರ ಆ ಭತ್ಯೆಯಿಂದಾಗಿ ಯಾವ ರಿಯಾಯಿತಿಯೂ ಇಲ್ಲ. ಕಷ್ಟವಿದ್ದರೆ ಅವನೂ ನೆರವಿನ ಕಚೇರಿಗೆ ಹೋಗಿ ನಾನು ಬಡವ ಅಂತ ಸಾಬೀತು ಮಾಡಬೇಕು. ಅಂದರೆ ಅವತ್ತು ಸರ್ಕಾರ ಕೇಳಿದ ಪ್ರಶ್ನೆ ನೀನು ಎಷ್ಟು ಬಡವ ಅಂತ, ನಿನಗೆ ಎಷ್ಟು ಕಾಯಿಲೆ ಅಂತ ಅಲ್ಲ. ನನ್ನ ಗೆಳೆಯನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮುಂದಿನದೆಲ್ಲ ಈ ಗೋಡೆಯ ಮೇಲೆ ಹಚ್ಚಿದ ಬಣ್ಣ ಅಷ್ಟೆ.

ಮುಂದೆ 1956ರ ಡಿಸೆಂಬರಿನಲ್ಲಿ ಚೀಟಿಗೆ ಒಂದು ಶಿಲ್ಲಿಂಗು ಇದ್ದದ್ದು ಚೀಟಿಯಲ್ಲಿರುವ ಪ್ರತಿ ಔಷಧಿಗೂ ಒಂದು ಶಿಲ್ಲಿಂಗು ಅಂತಾಯಿತು. ನೋಡಲು ಚಿಕ್ಕ ಬದಲಾವಣೆ. ಆದರೆ ಕೆಮ್ಮಿಗೆ ಒಂದು ಸೀಸೆ ಬರೆಸಿಕೊಂಡವನಿಗೆ ಏನೂ ವ್ಯತ್ಯಾಸವಿಲ್ಲ, ನಾಲ್ಕು ಬಗೆ ಮಾತ್ರೆ ನುಂಗುವ ಹಳೇ ರೋಗಿಗೆ ನಾಲ್ಕು ಪಟ್ಟು. 1961ರಲ್ಲಿ ಅದು ಎರಡು ಶಿಲ್ಲಿಂಗಾಯಿತು.

ಈಗ ವಿಲ್ಸನ್ ಮತ್ತೆ ಬರುತ್ತಾನೆ. 1964ರಲ್ಲಿ ಪ್ರಧಾನಿಯಾಗಿ, 1965ರ ಫೆಬ್ರವರಿ 1ರಿಂದ ಈ ಚಾರ್ಜನ್ನು ಪೂರ್ತಿ ತೆಗೆದುಹಾಕಿದ. ಹದಿನಾಲ್ಕು ವರ್ಷದ ಹಿಂದೆ ಯಾವ ತತ್ವಕ್ಕಾಗಿ ರಾಜೀನಾಮೆ ಕೊಟ್ಟಿದ್ದನೋ ಅದನ್ನು ಈಡೇರಿಸಿದ. ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆದರೆ 1967ರ ನವೆಂಬರಿನಲ್ಲಿ ಪೌಂಡಿನ ಬೆಲೆ ಇಳಿಸಬೇಕಾಗಿ ಬಂತು. ಖರ್ಚು ಕಡಿತ ಮಾಡಲೇಬೇಕು ಅನ್ನುವ ಒತ್ತಡ. 1968ರ ಜೂನ್ 10ರಿಂದ ಚಾರ್ಜು ವಾಪಸು ಬಂತು, ಈ ಸಲ ಔಷಧಿಗೆ ಎರಡೂವರೆ ಶಿಲ್ಲಿಂಗು. ತಂದವನೂ ಅದೇ ವಿಲ್ಸನ್. ಅಧಿಕಾರದ ಕುರ್ಚಿ ಏನೇನು ಮಾಡಿಸುತ್ತದೋ... ಇರಲಿ.

ಮನಸ್ಸಿಗೆ ಕಸಿವಿಸಿ ಇದ್ದಿರಬೇಕು, ಈ ಸಲ ದೊಡ್ಡ ವಿನಾಯಿತಿ ಪಟ್ಟಿಯೇ ಬಂತು. ಮಕ್ಕಳು, 65 ದಾಟಿದವರು, ಬಸುರಿ ಬಾಣಂತಿಯರು, ಬಡತನದ ನೆರವು ಪಡೆಯುವವರು. ವರ್ಷಕ್ಕೋ ಆರು ತಿಂಗಳಿಗೋ ಒಂದೇ ಸಲ ದುಡ್ಡು ಕಟ್ಟಿ ಬೇಕಾದಷ್ಟು ಔಷಧಿ ಪಡೆಯುವ ಸರ್ಟಿಫಿಕೇಟೂ ಆಗಲೇ ಬಂತು, ನಮ್ಮ ಸಿಟಿ ಬಸ್ಸಿನ ಪಾಸಿನ ಹಾಗೆ. ಜೊತೆಗೆ ಮೊಟ್ಟಮೊದಲ ಬಾರಿಗೆ ಕಾಯಿಲೆಗಳ ಪಟ್ಟಿ, ವೈದ್ಯರ ಸಂಘದ ಜೊತೆ ಮಾತಾಡಿ ಮಾಡಿದ್ದು. ನೀನು ಎಷ್ಟು ಬಡವ ಅನ್ನುವ ಬಾಗಿಲಿನ ಪಕ್ಕ ನಿನಗೆ ಯಾವ ಕಾಯಿಲೆ ಅನ್ನುವ ಇನ್ನೊಂದು ಬಾಗಿಲು ತೆರೆಯಿತು ಅನ್ನಿ.

ಆ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಅದು ಇವತ್ತಿಗೂ ಜೀವಂತವಾಗಿದೆ. ಇನ್ಸುಲಿನ್ ಅಥವಾ ಮಾತ್ರೆ ಬೇಕಾದ ಸಕ್ಕರೆ ಕಾಯಿಲೆ (ಪಥ್ಯದಲ್ಲೇ ಹತೋಟಿಯಲ್ಲಿದ್ದರೆ ಇಲ್ಲ), ನಿರಂತರ ಔಷಧಿ ಬೇಕಾದ ಮೂರ್ಛೆರೋಗ, ಥೈರಾಯ್ಡ್ ಕಡಿಮೆಯಾಗುವುದು, ಅಡ್ರಿನಲ್, ಪಿಟ್ಯುಟರಿ, ಪ್ಯಾರಾಥೈರಾಯ್ಡ್ ಗ್ರಂಥಿಗಳು ಸೋತಾಗ ಬರುವ ಕೆಲವು ರೋಗಗಳು, ಮಯಸ್ತೇನಿಯಾ ಗ್ರಾವಿಸ್ ಅನ್ನುವ ಸ್ನಾಯುದೌರ್ಬಲ್ಯ, ಮಲವಿಸರ್ಜನೆಗೆ ಹೊಟ್ಟೆಯ ಮೇಲೆ ಶಾಶ್ವತ ದಾರಿ ಮಾಡಿಸಿಕೊಂಡವರು. ಕೊನೆಯದಾಗಿ, ಇನ್ನೊಬ್ಬರ ಸಹಾಯವಿಲ್ಲದೆ ಮನೆಯಿಂದ ಹೊರಗೆ ಹೋಗಲಾರದಷ್ಟು ದೈಹಿಕ ಅಂಗವೈಕಲ್ಯ ಇರುವವರು. ಅಷ್ಟೆ.

ಸುಲಭವಾಗಿ ಗುರುತಿಸಬಹುದಾದ, ಬದುಕಿನುದ್ದಕ್ಕೂ ಔಷಧಿ ಬೇಕಾದ, ನಿಲ್ಲಿಸಿದರೆ ಜೀವಕ್ಕೆ ಅಪಾಯವಾಗುವ ಕಾಯಿಲೆಗಳನ್ನು ಆರಿಸಿದರು. 1968ರ ವೈದ್ಯಕೀಯಕ್ಕೆ ಅದು ತಕ್ಕಮಟ್ಟಿಗೆ ಸರಿ. ಆದರೆ ಕಾಲ ಅಲ್ಲೇ ನಿಲ್ಲಬೇಕಲ್ಲ! ಉಬ್ಬಸದವರು ಇವತ್ತು ಜೇಬಿನಲ್ಲಿಟ್ಟುಕೊಳ್ಳುವ ಸಾಲ್ಬುಟಮಾಲ್ ಇನ್‌ಹೇಲರ್ ಮಾರುಕಟ್ಟೆಗೆ ಬಂದದ್ದು ಪಟ್ಟಿ ಆದ ಮಾರನೇ ವರ್ಷ, 1969ರಲ್ಲಿ. ದಿನವೂ ಸೇದುವ ಸ್ಟಿರಾಯ್ಡ್ ಇನ್‌ಹೇಲರ್ ಬಂದದ್ದು 1972ರಲ್ಲಿ. ಉಬ್ಬಸ ಪಟ್ಟಿಗೆ ಸೇರಲೇ ಇಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಅಂತ ಹುಟ್ಟಿನಿಂದಲೇ ಬರುವ ಶ್ವಾಸಕೋಶದ ಕಾಯಿಲೆ ಒಂದಿದೆ. 1968ರಲ್ಲಿ ಆ ಮಕ್ಕಳು ದೊಡ್ಡವರಾಗುವ ತನಕ ಬದುಕುತ್ತಿದ್ದದ್ದೇ ಅಪರೂಪ, ಮಕ್ಕಳಿಗೆ ಹೇಗಿದ್ದರೂ ಔಷಧಿ ಬಿಟ್ಟಿ, ಹಾಗಾಗಿ ಅದರ ಹೆಸರು ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಈಗ ಒಳ್ಳೆಯ ಚಿಕಿತ್ಸೆಯಿಂದ ಅವರು ಮೂವತ್ತು ನಲವತ್ತು ದಾಟುತ್ತಾರೆ. ಬದುಕಿ ಉಳಿದದ್ದಕ್ಕೆ ಬಿಲ್ಲು ಬರುತ್ತದೆ! ಮನಸ್ಸಿನ ಕಾಯಿಲೆಗಳಂತೂ ಒಂದೂ ಪಟ್ಟಿಯಲ್ಲಿಲ್ಲ. ಸಂಧಿವಾತವೂ ಇಲ್ಲ. ಅದೇ ಥೈರಾಯ್ಡ್ ಮಾತ್ರೆ ತಿನ್ನುವವರಿಗೆ ಆ ಒಂದು ಮಾತ್ರೆಯಷ್ಟೇ ಅಲ್ಲ, ನೆಗಡಿಯಿಂದ ಹಿಡಿದು ಎಲ್ಲ ಔಷಧಿಯೂ ಉಚಿತ. ಅವರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ, ಆದರೆ ಪಂಕ್ತಿಯಲ್ಲಿ ಕೂತವರಿಗೆ ಹೀಗೆ ಬಡಿಸಬಾರದು.

ಬೆಲೆ ಏರಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 1971ರಲ್ಲಿ 20 ಪೆನ್ಸ್. 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಬಂದಮೇಲೆ 45, ಮಾರನೇ ವರ್ಷ ಏಪ್ರಿಲ್‌ನಲ್ಲಿ 70, ಡಿಸೆಂಬರಿನಲ್ಲಿ ಒಂದು ಪೌಂಡು. 2000ಕ್ಕೆ 6 ಪೌಂಡ್, 2019ಕ್ಕೆ 9, 2024ರ ಮೇ 1ರಿಂದ 9.90. 2025ರಲ್ಲಿ ಏರಿಸದೆ ಬಿಟ್ಟರು.

ಇತ್ತ ಭತ್ಯೆಗಳ ಹೆಸರು ಪದೇ ಪದೇ ಬದಲಾಯಿತು. ಹಳೆಯ ಕಾಯಿಲೆ ಭತ್ಯೆಯ ಪಕ್ಕ 1971ರಲ್ಲಿ ದೀರ್ಘಕಾಲದ ಕಾಯಿಲೆಗೆ ಇನ್‌ವ್ಯಾಲಿಡಿಟಿ ಬೆನಿಫಿಟ್ ಬಂತು. 1995ರಲ್ಲಿ ಎರಡೂ ಸೇರಿ ಇನ್‌ಕ್ಯಪಾಸಿಟಿ ಬೆನಿಫಿಟ್ ಆಯಿತು. 2008ರ ಅಕ್ಟೋಬರಿನಿಂದ ಇಎಸ್‌ಎ ಅನ್ನುವ ಭತ್ಯೆ. ಈ ಇಎಸ್‌ಎಯಲ್ಲಿ ಎರಡು ಬಗೆ: ಒಂದು ವಂತಿಗೆ ಕಟ್ಟಿದ್ದಕ್ಕೆ ಸಿಗುವಂಥದ್ದು, ಇನ್ನೊಂದು ಆದಾಯ ಕಡಿಮೆ ಇದ್ದವರಿಗೆ ಸಿಗುವಂಥದ್ದು. ಕೆಲಸ ಮಾಡಲಾರರು ಅಂತ ತೀರ್ಮಾನಿಸುವ ಪರೀಕ್ಷೆ ಎರಡಕ್ಕೂ ಒಂದೇ. ಎರಡನೆಯವರಿಗೆ ಔಷಧಿ ಉಚಿತ, ಮೊದಲನೆಯವರಿಗೆ ಇಲ್ಲ. ವರ್ಷಗಟ್ಟಲೆ ಸಂಬಳದಿಂದ ವಂತಿಗೆ ಮುರಿಸಿಕೊಂಡವರೇ ಇಲ್ಲಿ ದುಡ್ಡು ಕಟ್ಟುವವರು ಅನ್ನುವುದನ್ನು ನೋಡಿ. ಅಂಗವೈಕಲ್ಯಕ್ಕೆ ಅಂತಲೇ ಇರುವ ಡಿಎಲ್‌ಎ ಆಗಲಿ, 2013ರಲ್ಲಿ ಅದರ ಜಾಗಕ್ಕೆ ಬಂದ ಪಿಐಪಿ ಆಗಲಿ, ಅವುಗಳಿಂದಲೂ ಔಷಧಿ ಬಿಟ್ಟಿಯಾಗುವುದಿಲ್ಲ. ಮೇಲಿನ ದರ್ಜೆಯ ಪಿಐಪಿ ಪಡೆದರೂ ಇಲ್ಲ.

ಇದರಿಂದ ಆದ ಫಜೀತಿ ಸಣ್ಣದಲ್ಲ. ಚೀಟಿಯ ಹಿಂಬದಿಯಲ್ಲಿ ಸಾಲಾಗಿ ಚೌಕಗಳಿರುತ್ತವೆ. ತನಗೆ ಯಾವುದು ಅನ್ವಯವೋ ಅದಕ್ಕೆ ಗುರುತು ಹಾಕಿ ಸಹಿ ಮಾಡಬೇಕು. ನನಗೆ ಇಎಸ್‌ಎ ಬರುತ್ತೆ ಅಂತ ಗೊತ್ತಿರುವವನಿಗೆ ಅದು ಯಾವ ಬಗೆಯ ಇಎಸ್‌ಎ ಅಂತ ಗೊತ್ತಿರಬೇಕೆಂದೇನಿಲ್ಲವಲ್ಲ? ತಪ್ಪು ಚೌಕಕ್ಕೆ ಗುರುತು ಹಾಕಿದರೆ ಔಷಧಿಯ ದುಡ್ಡಿನ ಮೇಲೆ ಅದರ ಐದು ಪಟ್ಟು ದಂಡ, ಗರಿಷ್ಠ 100 ಪೌಂಡ್. 2013ರಲ್ಲಿ ಯೂನಿವರ್ಸಲ್ ಕ್ರೆಡಿಟ್ ಎಂಬ ಹೊಸ ಭತ್ಯೆ ಶುರುವಾಯಿತಲ್ಲ, ಎಷ್ಟೋ ವರ್ಷ ಅದಕ್ಕೆ ಚೀಟಿಯಲ್ಲಿ ಚೌಕವೇ ಇರಲಿಲ್ಲ. ನಿರುದ್ಯೋಗ ಭತ್ಯೆಯ ಚೌಕಕ್ಕೆ ಗುರುತು ಹಾಕಿ ಅಂತ ಸರ್ಕಾರವೇ ಹೇಳಿಕೊಡುತ್ತಿತ್ತು. ಒಂದು ಕಡೆ ತಪ್ಪು ಚೌಕಕ್ಕೆ ದಂಡ, ಇನ್ನೊಂದು ಕಡೆ ಬೇರೆಯವರ ಚೌಕ ಒತ್ತಲು ಸಲಹೆ! ಅದರಲ್ಲೂ ಯೂನಿವರ್ಸಲ್ ಕ್ರೆಡಿಟ್ ಇದ್ದರೆ ಸಾಲದು, 2015ರಲ್ಲಿ ಹಾಕಿದ ನಿಯಮದ ಪ್ರಕಾರ ಹಿಂದಿನ ತಿಂಗಳ ದುಡಿಮೆ 435 ಪೌಂಡ್ ಮೀರಿರಬಾರದು. ಮಕ್ಕಳಿದ್ದರೆ ಅಥವಾ ಕಾಯಿಲೆಯಿಂದ ಕೆಲಸದ ಶಕ್ತಿ ಕುಗ್ಗಿದೆ ಅಂತ ತೀರ್ಮಾನವಾಗಿದ್ದರೆ 935. ಒಂದು ತಿಂಗಳು ಬಿಟ್ಟಿ, ಇನ್ನೊಂದು ತಿಂಗಳು ಬಿಲ್ಲು.

2014ರಿಂದ ದಂಡದ ನೋಟಿಸುಗಳು ರಾಶಿರಾಶಿ ಹೊರಟವು. 2019ರಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಪರಿಶೀಲಿಸಿದಾಗ, ಔಷಧಿ ಮತ್ತು ಹಲ್ಲಿನ ಚಿಕಿತ್ಸೆ ಎರಡೂ ಸೇರಿ ಸುಮಾರು 17 ಲಕ್ಷ ನೋಟಿಸುಗಳನ್ನು ವಾಪಸು ತೆಗೆದುಕೊಂಡದ್ದು ಗೊತ್ತಾಯಿತು. ಅವರಿಗೆಲ್ಲ ನಿಜವಾಗಿಯೂ ವಿನಾಯಿತಿ ಇತ್ತು. ಮನಸ್ಸಿನ ಕಾಯಿಲೆಯಲ್ಲಿ ಕಾಗದ ಒಡೆದು ನೋಡಲೂ ಆಗದೆ ಕೂತವರ ಮನೆಗೆ ಇಂಥ ನೋಟಿಸು ಹೋದರೆ ಹೇಗಿರಬಹುದು, ಯೋಚಿಸಿ.

ಸರಿ ಮಾಡುವ ಪ್ರಯತ್ನ ನಡೆಯಲೇ ಇಲ್ಲ ಅಂತಲ್ಲ. 2008ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಮಾತು ಕೊಟ್ಟ, 2009ರ ಏಪ್ರಿಲ್‌ನಲ್ಲಿ ಕ್ಯಾನ್ಸರ್ ಪಟ್ಟಿಗೆ ಸೇರಿತು. 41 ವರ್ಷದಲ್ಲಿ ಸೇರಿದ ಒಂದೇ ಹೊಸ ಕಾಯಿಲೆ ಅದು. ಉಳಿದ ದೀರ್ಘಕಾಲದ ಕಾಯಿಲೆಗಳ ವಿಷಯಕ್ಕೆ ಪ್ರೊಫೆಸರ್ ಇಯಾನ್ ಗಿಲ್ಮೋರ್ ವರದಿ ಬರೆದರು. ಎಲ್ಲ ದೀರ್ಘಕಾಲದ ಕಾಯಿಲೆಗಳಿಗೂ ವಿನಾಯಿತಿ ಕೊಡಿ ಅಂದರು. ವರದಿ ಪ್ರಕಟವಾದದ್ದು 2010ರ ಮೇ ತಿಂಗಳಲ್ಲಿ, ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. ಹೊಸಬರು ದುಡ್ಡಿಲ್ಲ ಅಂದರು. ವರದಿ ಎಲ್ಲಿಗೆ ಹೋಗುತ್ತೆ ಅಂತ ನಮ್ಮ ವಿಧಾನಸೌಧ ನೋಡಿದವರಿಗೆ ಹೇಳಬೇಕಾಗಿಲ್ಲ.

ಪಕ್ಕದವರು ಮಾತ್ರ ಬೇರೆ ದಾರಿ ಹಿಡಿದರು. ವೇಲ್ಸ್ 2007ರ ಏಪ್ರಿಲ್‌ನಲ್ಲಿ, ಉತ್ತರ ಐರ್ಲೆಂಡ್ 2010ರಲ್ಲಿ, ಸ್ಕಾಟ್ಲೆಂಡ್ 2011ರಲ್ಲಿ ಚಾರ್ಜನ್ನೇ ರದ್ದು ಮಾಡಿದವು. ಯಾರು ಬಡವ, ಯಾರಿಗೆ ಯಾವ ಕಾಯಿಲೆ ಅಂತ ಪಟ್ಟಿ ಹಿಡಿದು ವಿಚಾರಿಸುವ ಕೆಲಸವೇ ಇಲ್ಲ. ಇಂಗ್ಲೆಂಡಿನಲ್ಲೂ ವಯಸ್ಸಾದವರು ಮಕ್ಕಳು ಎಲ್ಲ ಸೇರಿ ಹತ್ತರಲ್ಲಿ ಸುಮಾರು ಒಂಬತ್ತು ಔಷಧಿ ಬಿಟ್ಟಿಯಾಗಿಯೇ ಹೋಗುತ್ತವೆ. ಉಳಿದ ಒಂದರ ಸಾಲಿನಲ್ಲಿ ನಿಂತವರಲ್ಲಿ ಸಂಬಳದವರ ಜೊತೆ ಈ ಕಾಯಿಲೆ ಭತ್ಯೆಯವರೂ ಇದ್ದಾರೆ.

ನಮ್ಮಲ್ಲಿ ಹೇಗೆ ಅಂತ ಕೇಳುತ್ತೀರಿ. 1944ರಲ್ಲಿ ಪ್ರೊಫೆಸರ್ ಬಿ.ಪಿ. ಅಡಾರ್ಕರ್ ಬರೆದ ವರದಿಯ ತಳಹದಿಯ ಮೇಲೆ 1948ರಲ್ಲಿ ಇಎಸ್‌ಐ ಕಾಯ್ದೆ ಬಂತು, 1952ರಲ್ಲಿ ಕಾನ್ಪುರದಲ್ಲೂ ದೆಹಲಿಯಲ್ಲೂ ಜಾರಿಗೆ ಬಂತು. ಸಂಬಳದಲ್ಲಿ ವಂತಿಗೆ, ಕಾಯಿಲೆ ಬಿದ್ದರೆ 70 ಪಾಲು ಕೂಲಿ ವರ್ಷಕ್ಕೆ 91 ದಿನದ ತನಕ, ಅದೇ ಕಾರ್ಡಿಗೆ ಡಿಸ್ಪೆನ್ಸರಿಯಲ್ಲಿ ಔಷಧಿ. ಬ್ರಿಟನ್ 1948ರಲ್ಲಿ ಬಿಚ್ಚಿದ ಗಂಟನ್ನು ಅದೇ ವರ್ಷ ನಾವು ಕಟ್ಟಿಕೊಂಡೆವು ನೋಡಿ! ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಬರೆದ ಔಷಧಿ ಇರುತ್ತದೋ ಇಲ್ಲವೋ ಅನ್ನುವುದು ಬೇರೆ ಮಾತು, ಸಂಬಳ ಮಿತಿಗಿಂತ ಹೆಚ್ಚಾದರೆ ಕಾರ್ಡೇ ಇಲ್ಲ ಅನ್ನುವುದೂ ನಿಜ. ಆದರೆ ಕಾಯಿಲೆಯ ರಜೆಯಲ್ಲಿರುವವನ ಹತ್ತಿರ ಔಷಧಿಗೆ ಇಷ್ಟು ಕೊಡು ಅಂತ ಕೇಳುವ ಕಾನೂನು ಅದರಲ್ಲಿಲ್ಲ.

ಅಲ್ಲಿರುವ ನಮ್ಮವರಿಗೆ ಇದು ಇನ್ನೂ ಬಿಗಿ. ವೀಸಾ ಮೇಲೆ ಹೋದ ಸಾಫ್ಟ್‌ವೇರಿನವರು 2015ರಿಂದ ವೀಸಾ ಜೊತೆಗೇ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು. ಆಗ ವರ್ಷಕ್ಕೆ 200 ಪೌಂಡ್ ಇದ್ದದ್ದು 2024ರ ಫೆಬ್ರವರಿಯಲ್ಲಿ 1035 ಆಯಿತು. ಸಂಬಳದಿಂದ ವಂತಿಗೆ ಬೇರೆ. ಹಾಸಿಗೆ ಹಿಡಿದರೆ ವಂತಿಗೆಯ ಲೆಕ್ಕದ ಇಎಸ್‌ಎ ಅವರಿಗೂ ಸಿಗಬಹುದು, ಅದು ವೀಸಾದವರಿಗೆ ನಿಷೇಧಿಸಿದ ಸರ್ಕಾರಿ ನೆರವಿನ ಪಟ್ಟಿಯಲ್ಲಿಲ್ಲ. ಯೂನಿವರ್ಸಲ್ ಕ್ರೆಡಿಟ್ ಮಾತ್ರ ಸಾಮಾನ್ಯವಾಗಿ ಇಲ್ಲ. ಅಂದರೆ ಅವರಿಗೆ ಸಿಗುವ ಭತ್ಯೆ ಯಾವುದೋ ಅದು ಔಷಧಿಯನ್ನು ಬಿಟ್ಟಿ ಮಾಡುವುದಿಲ್ಲ, ಬಿಟ್ಟಿ ಮಾಡುವ ಭತ್ಯೆ ಅವರಿಗೆ ಸಿಗುವುದಿಲ್ಲ.

ಇದನ್ನು ಓದುವವರಲ್ಲಿ ಯಾರ ಬಂಧುಗಳಾದರೂ ಅಲ್ಲಿ ಈ ಸ್ಥಿತಿಯಲ್ಲಿದ್ದರೆ ಎರಡು ದಾರಿ ತಿಳಿಸಿ. ತಿಂಗಳಿಗೆ ಒಂದಕ್ಕಿಂತ ಹೆಚ್ಚು ಔಷಧಿ ಬೇಕಾಗುವವರಿಗೆ 1968ರ ಆ ಪಾಸು ಈಗಲೂ ಇದೆ, 2024ರಲ್ಲಿ ನಿಗದಿಯಾದಂತೆ ವರ್ಷಕ್ಕೆ 114.50 ಪೌಂಡ್, ಕಂತಿನಲ್ಲೂ ಕಟ್ಟಬಹುದು. ಕೈಯಲ್ಲಿ ಉಳಿತಾಯ ಕಡಿಮೆ ಇದ್ದರೆ ಎಚ್‌ಸಿ1 ಅನ್ನುವ ಅರ್ಜಿ ತುಂಬಬೇಕು. ಇದು ವೀಸಾದವರಿಗೂ ನಡೆಯುತ್ತದೆ. ಲೆಕ್ಕ ನೋಡಿ ಒಪ್ಪಿದರೆ ಎಚ್‌ಸಿ2 ಸರ್ಟಿಫಿಕೇಟ್ ಬರುತ್ತದೆ, ಔಷಧಿ ಉಚಿತ. ಅದು ಬರುವ ತನಕ ದುಡ್ಡು ಕೊಟ್ಟೇ ತಗೊಳ್ಳಬೇಕು, 1952ರ ಹಾಗೆ ಆಮೇಲೆ ವಾಪಸು. ಆದರೆ ವಾಪಸು ಬರಬೇಕಾದರೆ ಎಫ್‌ಪಿ57 ಅನ್ನುವ ರಸೀದಿ ಬೇಕು, ಮೂರು ತಿಂಗಳೊಳಗೆ ಕಳಿಸಬೇಕು. ಅದನ್ನು ಅಂಗಡಿಯವರು ತಾವಾಗಿ ಕೊಡುತ್ತಾರೆ ಅಂತ ಕಾಯಬಾರದು, ದುಡ್ಡು ಕೊಡುವಾಗಲೇ ಕೌಂಟರಿನಲ್ಲಿ ಕೇಳಿ ಇಸಿದುಕೊಳ್ಳಬೇಕು. ಮಾರನೇ ದಿನ ಹೋಗಿ ಕೇಳಿದರೆ ಕೊಡುವುದಿಲ್ಲ.